ಸೊಪ್ಪಿನ ಪುಡಿಯೂ ನಮ್ಮ ಕಾಕಾನ ಸಿಟ್ಟೂ

ನಮ್ಮ ಕಾಕಾನಿಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ! ನನಗೆ ಬುದ್ಧಿ ತಿಳಿದಾಗಿನಿಂದ ಅದು ಅವರ ಮೂಗಿನ ತುದಿ ಬಿಟ್ಟು ಕದಲಿದ್ದನ್ನು ನಾನು ಕಂಡಿಲ್ಲ. ನೆಗಡಿಯಾದಾಗ ಮೂಗು ಒರೆಸಿಕೊಂಡರೂ ಅದು ಜಾರಿ ಬೀಳುವುದಿಲ್ಲ. ಅಷ್ಟು ಗಟ್ಟಿಯಾಗಿ ಕೂತಿದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನಮ್ಮ ಮೂಲ ಬನವಾಸಿ ಕಡೆ. ಕಾಕಾ ಹುಡುಗನಾಗಿದ್ದಾಗಲೇ ಶಿರಸಿಗೆ ಬಂದು ಮೈಕ್ ಸೆಟ್ಟಿನ ಅಂಗಡಿ ಹಾಕಿದವರು. ಮದುವೆ, ಸಭೆ, ಭಾಷಣ, ಭಜನೆ, ಎಲ್ಲಕ್ಕೂ ಅವರದೇ ಧ್ವನಿವರ್ಧಕ. ದೇವರು ಯಾರಿಗೆ ಯಾವ ಅಂಗಡಿ ಕೊಡಬೇಕು ಎಂಬುದರಲ್ಲಿ ಎಷ್ಟು ಚೇಷ್ಟೆ ಮಾಡುತ್ತಾನೆ ನೋಡಿ! ಇಡೀ ತಾಲ್ಲೂಕಿನಲ್ಲಿ ಮೈಕಿನ ಅಗತ್ಯವೇ ಇಲ್ಲದ ಒಬ್ಬ ಮನುಷ್ಯನಿದ್ದರೆ ಅದು ನಮ್ಮ ಕಾಕಾ. ಅವರು ಅಂಗಡಿಯಲ್ಲಿ ಕೂತು "ಚಾ ತಗೊಂಬಾರೋ" ಅಂದರೆ ಆಚೆ ಓಣಿಯ ಹೋಟೆಲಿನವರೂ ಚಹಾ ಕಳಿಸುತ್ತಿದ್ದರು.

ಬೆಳಗಾಗುವುದೇ ಪೇಪರಿನ ಮೇಲಿನ ಸಿಟ್ಟಿನಿಂದ. ಮೊದಲ ಪುಟಕ್ಕೆ ಬೈದು, ಮಧ್ಯದ ಪುಟಕ್ಕೆ ಬೈದು, ರಾಶಿಭವಿಷ್ಯದಲ್ಲಿ "ಇಂದು ತಾಳ್ಮೆ ಇರಲಿ" ಎಂದು ಬರೆದವನಿಗೆ ವಿಶೇಷವಾಗಿ ಬೈದು, ಆಮೇಲೆ ಸ್ನಾನ. ಒಮ್ಮೆ ತುಂಬಿದ ಬಸ್ಸಿನಲ್ಲಿ ಕಂಡಕ್ಟರು "ಮುಂದೆ ಹೋಗ್ರಿ, ಮುಂದೆ ಹೋಗ್ರಿ" ಎಂದು ಹಿಂದಿನಿಂದ ಒತ್ತಿದಾಗ, "ಮುಂದ ಡ್ರೈವರ್ ಕುಂತಾನ. ಅವನ ತೊಡಿ ಮ್ಯಾಲ ಕುಂದರ್ಲ್ಯಾ?" ಎಂದು ಕೇಳಿದ್ದರು. ಡ್ರೈವರ್ ಬಸ್ಸು ನಿಲ್ಲಿಸಿ ನಕ್ಕ. ನಕ್ಕದ್ದಕ್ಕೆ ಅವನಿಗೂ ಬೈದರು.

ಬನವಾಸಿಯ ಒಂದು ಮದುವೆಯಲ್ಲಿ ನಡೆದದ್ದನ್ನು ನಮ್ಮ ಕಡೆ ಈಗಲೂ ಹೇಳುತ್ತಾರೆ. ಯಾರೋ ಮುಖಂಡರು ವಧೂವರರಿಗೆ "ಎರಡೇ ಎರಡು ಮಾತು" ಹೇಳಲು ಮೈಕ್ ಹಿಡಿದರು. ಸಂಸಾರದ ನೊಗದಿಂದ ಶುರುವಾದ ಮಾತು ರಾಷ್ಟ್ರ ರಾಜಕಾರಣಕ್ಕೆ ಹೋಯಿತು. ಊಟದ ಎಲೆ ಹಾಕಿ ಆಗಿತ್ತು, ಹಾಕಿದ ಎಲೆ ಬಾಡಿಯೂ ಆಗಿತ್ತು. ಕಾಕಾ ಸುಮ್ಮನೆ ಎದ್ದು ವೈರು ಕಿತ್ತರು. "ಯಾಕ್ರೀ?" ಎಂದರೆ, "ಎರಡು ಮಾತಿಗೆ ಬಾಡಿಗೆ ಹೇಳಿದ್ರಿ. ಎರಡು ಮುಗದು ಭಾಳ ಹೊತ್ತಾತು" ಎಂದರು. ಅಂದು ಇಡೀ ಮಂಟಪ ಮದುಮಕ್ಕಳಿಗಿಂತ ಹೆಚ್ಚು ಅಕ್ಷತೆಯನ್ನು ಕಾಕಾನ ಮೇಲೆ ಹಾಕಲು ಸಿದ್ಧವಿತ್ತು!

ಈ ಸಿಡಿಮದ್ದಿನ ಪಕ್ಕದಲ್ಲಿ ಅಷ್ಟು ವರ್ಷ ತಣ್ಣಗೆ ಬಾಳಿದವರು ನಮ್ಮ ಕಾಕಿ. ಕಾಕಾ ಮನೆ ಹಾರಿಹೋಗುವ ಹಾಗೆ ಕೂಗಿದರೂ ಅವರದು ಒಂದೇ ಉತ್ತರ: "ಹೂಂರಿ." ಆ ಹೂಂಕಾರದಲ್ಲಿ ಒಪ್ಪಿಗೆಯೂ ಇರಲಿಲ್ಲ, ವಿರೋಧವೂ ಇರಲಿಲ್ಲ. ಹಿಟ್ಟು ನಾದುತ್ತಲೇ ಹೇಳುತ್ತಿದ್ದರು. ಕಾಕಿಯದು ಜೋಳದ ರೊಟ್ಟಿಯ ಕೆಲಸ. ಶಿರಸಿಯ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಬೆಳಗಿನ ಹೊತ್ತು ಆ ಮನೆಯ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ಹೊರಗಿನಿಂದ ಪೇಪರಿಗೆ ಬೈಯುವ ಸದ್ದು. ತಬಲಾ ಮತ್ತು ಗಾಯನ! ಓಣಿಯವರು ಅದನ್ನು ಕೇಳಿಯೇ ಹಾಸಿಗೆ ಬಿಟ್ಟು ಏಳುತ್ತಿದ್ದರು.

ಇಂಥ ಮನೆಗೆ ಸೊಪ್ಪಿನ ಪುಡಿಯ ಆ ಹಸಿರು ಡಬ್ಬಿ ಬಂತು. ಅದರ ಹೆಸರು ನಾನು ಹೇಳುವುದಿಲ್ಲ. ಹೆಸರಿನಲ್ಲಿ ಅಮೃತವೂ ಇತ್ತು, ಶಕ್ತಿಯೂ ಇತ್ತು. ಎರಡರಲ್ಲಿ ಒಂದಾದರೂ ಒಳಗಿದ್ದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ತಂದವರು ಸಿದ್ದಾಪುರದ ಬೀಗರು. ಎಂದರೆ ಕಾಕಾನ ಮಗಳ ಮಾವ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರಿಗೆ ನಮಸ್ಕಾರ ಹೊಡೆಯುವವರಿರಲಿಲ್ಲ. ಪುಡಿಯ ಕಂಪನಿ ಅವರನ್ನು ಏಜೆಂಟರನ್ನಾಗಿ ಮಾಡಿಕೊಂಡು ಮೊದಲು 'ಬೆಳ್ಳಿ ನಾಯಕ' ಎಂದಿತು, ಆಮೇಲೆ 'ಬಂಗಾರ ನಾಯಕ' ಎಂದಿತು, ಕಡೆಗೆ ಕೊರಳಿಗೆ ಒಂದು ಪಟ್ಟಿ ಹಾಕಿ 'ವಜ್ರ ನಾಯಕ' ಮಾಡಿತು. ಪಾಪ, ಜೀವಮಾನವಿಡೀ ಫೈಲು ಹೊತ್ತ ಮನುಷ್ಯ ವಜ್ರವಾದರೆ ಹಿಗ್ಗದೆ ಇರುತ್ತಾರೆಯೇ?

ಶಿರಸಿಯ ಒಂದು ಸಭಾಭವನದಲ್ಲಿ 'ಆರೋಗ್ಯ ಜಾಗೃತಿ' ಸಭೆಯಾಯಿತು. ಬೀಗರ ಕಾರ್ಯಕ್ರಮ, ಆದ್ದರಿಂದ ಮೈಕು ಕಾಕಾನದು. ವೇದಿಕೆಯ ಮೇಲೆ ಹೊರಗಿನಿಂದ ಬಂದ ಕೋಟು ಹಾಕಿದ ಮನುಷ್ಯನೊಬ್ಬ. ಬೆವರು ಇಳಿಯುವ ಸೆಕೆಯಲ್ಲೂ ಕೋಟು! "ಇದರಲ್ಲಿ ಕೆಮಿಕಲ್ ಇಲ್ಲ, ಸೈಡ್ ಎಫೆಕ್ಟ್ ಇಲ್ಲ, ಶುದ್ಧ ಗಿಡಮೂಲಿಕೆ. ಬೊಜ್ಜು ಕರಗುತ್ತದೆ, ಸುಸ್ತು ಓಡುತ್ತದೆ, ಶುಗರು, ಬಿಪಿ, ಮಂಡಿನೋವು, ಮನಸ್ಸಿನ ನೋವು" ಎಂದು ಅವನು ಹೇಳುತ್ತಾ ಹೋದ. ಕಾಕಾನಿಗೆ ಅಲ್ಲಿಯೂ ಸಿಟ್ಟು ಬಂದಿತ್ತು. ಪುಡಿಯ ಮೇಲಲ್ಲ! ಅವನು ಮೈಕನ್ನು ತುಟಿಗೆ ಅಂಟಿಸಿಕೊಂಡಿದ್ದ. "ಮೈಕ್ ತಿಂತಾನೇನು ಇಂವಾ" ಎಂದು ಗೊಣಗುವ ಗಡಿಬಿಡಿಯಲ್ಲಿ ಅವನು ಏನು ಹೇಳಿದ ಎಂಬುದೇ ಅವರ ಕಿವಿಗೆ ಬೀಳಲಿಲ್ಲ. ಊಟಕ್ಕೆ ರೊಟ್ಟಿ ತಂದು ಹಿಂದೆ ನಿಂತಿದ್ದ ಕಾಕಿಯ ಕಿವಿಗೆ ಮಾತ್ರ ಒಂದೇ ಮಾತು ಬಿತ್ತು: ಸುಸ್ತು ಓಡುತ್ತದೆ.

ಬೆಂಕಿಯ ಮುಂದೆ ಅರ್ಧ ಆಯುಷ್ಯ ಕಳೆದವರಿಗೆ ಆ ಮಾತು ಎಷ್ಟು ಸಿಹಿಯೆಂದು ಕೋಟಿನವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನನ್ನು ನೆನೆದರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ದಣಿದವರನ್ನು ಹುಡುಕಿ, ಅವರ ದಣಿವಿನ ಮೇಲೆಯೇ ಅಂಗಡಿ ಇಡುವುದೆಂದರೆ!

ಡಬ್ಬಿಗಳನ್ನು ಬೀಗರೇ ತಂದುಕೊಡುತ್ತಿದ್ದರು, ಬಿಲ್ಲು ಹರಿದುಕೊಡುತ್ತಿದ್ದರು. ಕಾಕಿ ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಬಿಸಿನೀರಿಗೆ ಕಲಸಿ ಕುಡಿದರು. ನೋಡಿ, ಪವಾಡ! ಕಾಕಿ ಬುಗುರಿಯಾದರು. ರೊಟ್ಟಿ ಮುಗಿಸಿ ಅಟ್ಟ ಗುಡಿಸಿದರು, ಅಟ್ಟ ಮುಗಿಸಿ ಅಂಗಳ ತೊಳೆದರು, ತಮ್ಮದು ಸಾಲದೆ ಪಕ್ಕದ ಮನೆಯವರ ಮೆಟ್ಟಿಲನ್ನೂ ತಿಕ್ಕಿದರು. ಮೈ ಇಳಿಯಿತು. ಕಣ್ಣು ಹೊಳೆಯಿತು. ಒಂದು ದಿನ ಕಾಕಾ ಎಂದಿನಂತೆ ಸಾರಿಗೆ ಉಪ್ಪು ಕಡಿಮೆಯೆಂದು ಗುಡುಗಿದಾಗ, ಒಳಗಿನಿಂದ "ಹೂಂರಿ" ಬರಲಿಲ್ಲ.

"ಒದರಬ್ಯಾಡ್ರಿ! ಉಪ್ಪಿನ ಡಬ್ಬಿ ನಿಮ್ಮ ಮುಂದ ಐತಿ, ಕೈಗೇನು ಲಕ್ವಾ ಹೊಡದೈತೇನು?" ಎಂಬ ಸಿಡಿಲು ಬಂತು.

ಕಾಕಾನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಯಲ್ಲಾಪುರದಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ನನಗೆ ಆ ಸುದ್ದಿಯನ್ನು ಫೋನಿನಲ್ಲಿ ಹೇಳಿದವರು ಸ್ವತಃ ಕಾಕಾ. "ತಂಗೀ, ನಿಮ್ಮ ಕಾಕಿ ನನಗ ಬೈದಳು!" ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ಬೆರಗಿತ್ತು, ಬೆರಗಿಗಿಂತ ಒಂದು ಥರದ ಅಭಿಮಾನವಿತ್ತು. ಶಿಷ್ಯೆ ತಯಾರಾದಳು ಎಂಬ ಅಭಿಮಾನ! ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ಅದು ಕಾಕಿಯ ಸಿಟ್ಟಾಗಿರಲಿಲ್ಲ. ಡಬ್ಬಿಯ ಸಿಟ್ಟು. ನಮಗೆಲ್ಲಿ ತಿಳಿಯಬೇಕು?

ಸ್ವಲ್ಪ ದಿನಕ್ಕೆ ಕಾಕಿಗೆ ನಿದ್ದೆ ಹತ್ತದಾಯಿತು. ಕೈ ನಡುಗತೊಡಗಿತು. ಸುಮ್ಮನೆ ಕೂತಾಗಲೂ ಎದೆಯೊಳಗೆ ಯಾರೋ ಓಡಿದ ಹಾಗೆ ಆಗುತ್ತದೆ ಎಂದರು. ಬೀಗರನ್ನು ಕೇಳಿದರೆ ಅವರ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಕಂಪನಿ ಬಾಯಿಪಾಠ ಮಾಡಿಸಿತ್ತು. ಎದೆ ಹೊಡೆದುಕೊಂಡರೆ "ಹಳೇ ವಿಷ ಹೊರಗ ಬೀಳಾಕತ್ತೈತಿ". ನಿದ್ದೆ ಬಾರದಿದ್ದರೆ "ಮೈಗೆ ಈಗ ಅಷ್ಟು ನಿದ್ದಿ ಬೇಕಾಗಿಲ್ಲ". ಕೈ ನಡುಗಿದರೆ "ಮಲಗಿದ್ದ ನರ ಏಳಾಕತ್ತಾವ". ಎಂಥ ಸೊಗಸಾದ ಶಾಸ್ತ್ರ ನೋಡಿ! ಗುಣವಾದರೆ ಪುಡಿಯಿಂದ, ಕೆಟ್ಟರೂ ಪುಡಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ! ಸತ್ತಿದ್ದರೆ "ಪೂರ್ತಿ ಶುದ್ಧಿಯಾಯಿತು" ಎನ್ನುತ್ತಿದ್ದರೋ ಏನೋ.

ಒಂದು ಬೆಳಿಗ್ಗೆ ಕಾಕಾ ಹೊರಗೆ ಕೂತು ಪೇಪರಿಗೆ ಬೈಯುತ್ತಿದ್ದರು. ಬೈಯುತ್ತಿದ್ದವರು ಥಟ್ಟನೆ ನಿಲ್ಲಿಸಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. "ಏ ಇಕೀನ" ಎಂದು ಕೂಗಿದರು. "ಹೂಂರಿ" ಬರಲಿಲ್ಲ, ಸಿಡಿಲೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಕಾಕಿ ಹಿಟ್ಟಿನ ಪರಾತದ ಪಕ್ಕ ಬಿದ್ದಿದ್ದರು. ತುಟಿ ಬೆಳ್ಳಗಾಗಿತ್ತು. ಕುತ್ತಿಗೆಯ ನರ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ತಂತಿ ಹಚ್ಚಿ ನೋಡಿದರು. ಬಡಿತಕ್ಕೆ ತಾಳವೇ ಇರಲಿಲ್ಲ. ರಕ್ತದೊತ್ತಡ ಮೇಲೆ ಹತ್ತಿ ಕೂತಿತ್ತು.

"ಎಂತ ತಗೊಳ್ತಾ ಇದ್ರು ಇವ್ರು?" ಎಂದು ಕೇಳಿದರು.

"ಏನಿಲ್ಲರಿ. ಮಾತ್ರಿ ಇಲ್ಲ, ಗುಳಿಗಿ ಇಲ್ಲ. ಬರೇ ಸೊಪ್ಪಿನ ಪುಡಿ" ಎಂದರು ಕಾಕಾ.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಸೊಪ್ಪಿನ ಪುಡಿ! ಎಂತ ಮಾರಾಯ್ರೇ, ಕಾಸರಕನ ಕಾಯಿಯೂ ಗಿಡದಲ್ಲೇ ಬಿಡೋದಲ್ಲವ? ತಿಂದರೆ ಬದುಕ್ತೀರಾ? ಈ ಪುಡಿ ಎಲ್ಲಿದೆ, ಮೊದಲು ತರಿಸಿ. ಉಳಿದದ್ದನ್ನ ಚೆಲ್ಲಬೇಡಿ. ಡಬ್ಬಿ, ಬಿಲ್ಲು ಎಲ್ಲ ಹಾಗೇ ಇಟ್ಕೊಳ್ಳಿ."

ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಕಾಕಿ ಬದುಕಿದರು. ಆದರೆ ಎದೆ ಮೊದಲಿನ ಹಾಗಾಗಲಿಲ್ಲ. ಬಡಿತದ ಹದ ಕೆಟ್ಟೇ ಹೋಯಿತು. ಮನೆಗೆ ಕಳಿಸುವಾಗ ಡಾಕ್ಟರು, ಮಾತ್ರೆ ಬಿಡಬಾರದು, ಬೆಂಕಿಯ ಮುಂದೆ ನಿಲ್ಲಬಾರದು ಎಂದು ಹೇಳಿ, ಕಾಕಾನ ಕಡೆ ತಿರುಗಿ, "ಮತ್ತೆ, ಇವರ ಹತ್ರ ಜೋರು ಮಾತು, ಕೂಗಾಟ ಯಾವುದೂ ಬೇಡ. ಬೆಚ್ಚಿಬೀಳಬಾರದು" ಎಂದರು. ನಾನು ಅಲ್ಲಿಯೇ ನಿಂತಿದ್ದೆ. ಮೀನಿಗೆ ನೀರು ಮುಟ್ಟಬೇಡ ಎಂದ ಹಾಗಿತ್ತು!

ಅಂದಿನಿಂದ ನಮ್ಮ ಕಾಕಾ ಪಿಸುಮಾತಿನಲ್ಲಿ ಸಿಟ್ಟಾಗಲು ಕಲಿತರು. ನೀವು ಯಾರಾದರೂ ಪಿಸುಮಾತಿನಲ್ಲಿ ಬೈಯುವವರನ್ನು ನೋಡಿದ್ದೀರಾ? ಕುಕ್ಕರಿನ ಸೀಟಿಗೆ ಬಟ್ಟೆ ಹಿಡಿದ ಹಾಗೆ. ಮುಖ ಕೆಂಪು, ಕಣ್ಣು ಕೆಂಪು, ಬಾಯಿಯಿಂದ ಮಾತ್ರ ಬಿಸಿ ಗಾಳಿ. ಪೇಪರಿಗೂ ಪಿಸುಗುಟ್ಟಿಯೇ ಬೈದರು. ತೀರಾ ತಡೆಯದಾದಾಗ ಮೈಕಿನ ಗೋದಾಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಸಾಲಾಗಿ ನಿಲ್ಲಿಸಿದ ಧ್ವನಿವರ್ಧಕಗಳ ಮುಂದೆ ನಿಂತು ಕೂಗಿ ಬರುತ್ತಿದ್ದರು.

ಕಂಪನಿಗೆ ಫೋನು ಮಾಡಿದ್ದೂ ಆ ಗೋದಾಮಿನಿಂದಲೇ. ಅತ್ತ ಕಡೆಯ ಹೆಣ್ಣುದನಿ "ನಮ್ಮದು ಔಷಧವಲ್ಲ ಸಾರ್, ಪೌಷ್ಟಿಕ ಆಹಾರ. ವೈದ್ಯರ ಸಲಹೆ ಪಡೆದು ಸೇವಿಸಿ ಅಂತ ಡಬ್ಬಿ ಮೇಲೆ ಬರೆದಿದೆ" ಎಂದಿತು. ವೇದಿಕೆಯ ಮೇಲೆ ಬಿಪಿ, ಶುಗರು ಎಲ್ಲಕ್ಕೂ ಮದ್ದು. ಮನುಷ್ಯ ನೆಲಕ್ಕೆ ಬಿದ್ದ ಕೂಡಲೇ ಅದು ಆಹಾರ! ನಮ್ಮ ಕಾಡಿನಲ್ಲಿ ಊಸರವಳ್ಳಿ ಕೂಡ ಬಣ್ಣ ಬದಲಿಸಲು ಇದಕ್ಕಿಂತ ಹೆಚ್ಚು ಹೊತ್ತು ತಗೊಳ್ಳುತ್ತದೆ.

ಕೇಸು ಹಾಕುತ್ತೇನೆ ಎಂದರು ಕಾಕಾ. ಅಷ್ಟು ಹೇಳಿದ್ದೇ ತಡ, ನೆಂಟರಿಷ್ಟರೆಲ್ಲ ಬಂದು ಜಗಲಿ ತುಂಬಿದರು. ಬಿಲ್ಲು ಕೊಟ್ಟವರು ಬೀಗರು. ಕೇಸು ಎಂದರೆ ಬೀಗರ ಹೆಸರೂ ಬರುತ್ತದೆ. ಮಗಳ ಸಂಸಾರ ಏನಾಗಬೇಕು?

"ಆದದ್ದು ಆಗಿಹೋತು. ಜೀವ ಉಳೀತಲ್ಲ. ಬೀಗರ ಮ್ಯಾಲ ಕೋರ್ಟಿಗೆ ಹೋಗೂದಂದ್ರ ಮಂದಿ ಏನಂದಾರು? ಸಿಟ್ಟು ಒಳ್ಳೇದಲ್ಲೋ ತಮ್ಮಾ" ಎಂದರು ಹಿರಿಯರೊಬ್ಬರು.

ಕಾಕಾ ಒಳಗಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಪಿಸುದನಿಯಲ್ಲಿ ಹೇಳಿದರು: "ಇಷ್ಟು ವರ್ಷ ಚಟ್ನಿ ಮ್ಯಾಲ, ಬಸ್ಸಿನ ಮ್ಯಾಲ, ಪೇಪರ್ ಮ್ಯಾಲ ಸಿಟ್ಟಾದೆ. ಆವಾಗ ಯಾರೂ ಬ್ಯಾಡ ಅನ್ನಲಿಲ್ಲ, ಕುಂತು ನಕ್ಕಿರಿ. ಈಗ ಖರೇನ ಸಿಟ್ಟಾಗೂ ಹೊತ್ತು ಬಂದೈತಿ. ಈಗ ಬ್ಯಾಡ ಅಂತೀರಿ."

ಯಾರೂ ನಗಲಿಲ್ಲ. ಆಗ ಮಾತಾಡಿದ್ದು ಸಿದ್ದಾಪುರದಿಂದ ತಾಯಿಯನ್ನು ನೋಡಲು ಬಂದಿದ್ದ ಮಗಳು. "ಹಾಕ್ರಿ ಅಪ್ಪಾ. ನಮ್ಮ ಮಾವನೋರ ಹೆಸರು ಬಿಡಬ್ಯಾಡ್ರಿ. ಅವರೂ ದಿನಾ ಅದನ್ನ ಕುಡೀತಾರ. ನಾವ ಹೇಳಿದ್ರ ಕೇಳೂದಿಲ್ಲ, ಕೋರ್ಟು ಹೇಳಿದ್ರರ ಬಿಟ್ಟಾರು" ಎಂದಳು. ಅಪ್ಪನ ಮಗಳು!

ಅಷ್ಟರಲ್ಲಿ ಅದೇ ಕೋಟಿನ ಮನುಷ್ಯ ಯಲ್ಲಾಪುರಕ್ಕೆ ಬರುತ್ತಾನೆಂದು ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾನರು ಬಿತ್ತು. ನಾನು ಕಾಕಾನಿಗೆ ಫೋನು ಮಾಡಿದೆ. ಅಲ್ಲಿ ಮೈಕು ಹಾಕುವವರು ಇಮಾಮಸಾಬರು. ಕಾಕಾನಿಗೆ ಹಳೆಯ ಗೆಳೆಯರು, ಒಬ್ಬರ ಆಂಪ್ಲಿಫೈಯರು ಕೆಟ್ಟರೆ ಇನ್ನೊಬ್ಬರು ಕೊಡುವಷ್ಟು ಸಲಿಗೆ. ಕಾಕಾ ಬಂದು ವಿಷಯ ಹೇಳಿದಾಗ ಅವರು ಅಂದದ್ದು ಇಷ್ಟೇ: "ಅಣ್ಣಾ, ಪ್ರಶ್ನೆ ಕೇಳೋರಿಗೆ ಅಂತ ಒಂದು ಮೈಕ್ ಇರ್ತದೆ. ಅದು ಮೊದಲು ನಿಮ್ಮ ಕೈಗೇ ಬರ್ತದೆ. ಸೌಂಡು ನಾ ನೋಡ್ಕೋತೇನೆ."

ನಾನು ಕಾಕಾನ ಪಕ್ಕದಲ್ಲೇ ಕೂತೆ. ವೇದಿಕೆಯ ಮೇಲೆ ಬೀಗರೂ ಇದ್ದರು, ಕೊರಳಲ್ಲಿ ವಜ್ರದ ಪಟ್ಟಿ ಹಾಕಿಕೊಂಡು. ಕೋಟಿನವನು ಭಾಷಣ ಮುಗಿಸಿ "ಯಾರಾದರೂ ಅನುಭವ ಹಂಚಿಕೊಳ್ಳಬಹುದು" ಎಂದ. ಕಾಕಾ ಎದ್ದರು. ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಬನವಾಸಿಯ ಮದುವೆಯ ವೈರು, ಬಸ್ಸಿನ ಗದ್ದಲ ಎಲ್ಲ ಕಣ್ಣ ಮುಂದೆ ಬಂತು. ಇಂದು ಈ ಛಾವಣಿ ಉಳಿಯುವುದಿಲ್ಲ ಎಂದುಕೊಂಡೆ.

ಆದರೆ ಕಾಕಾನಿಗೆ ನಾಲ್ಕು ಜನರ ಮುಂದೆ ಕೂಗುವುದು ಮರೆತುಹೋಗಿತ್ತು! ತಿಂಗಳುಗಟ್ಟಲೆ ಪಿಸುಗುಟ್ಟಿದ ಗಂಟಲು ಪಿಸುಗುಟ್ಟಿಯೇ ಕೇಳಿತು. ಇಮಾಮಸಾಬರು ಸೌಂಡು ಏರಿಸಿದರು. ಆ ಪಿಸುಮಾತು ನಾಲ್ಕೂ ಗೋಡೆಗಳಿಂದ ಹೊರಟು ಬಂದ ಹಾಗೆ ಸಭೆಯನ್ನೆಲ್ಲ ತುಂಬಿತು.

"ಇದರಾಗ ಏನೈತ್ರಿ?"

"ಪ್ರಕೃತಿ ಇದೆ ಸಾರ್" ಎಂದ ಕೋಟಿನವನು, ನಗುತ್ತಾ.

"ಪ್ರಕೃತಿಯೊಳಗ ಯಾವ ಗಿಡ?"

"ಅದು ಕಂಪನಿಯ ಗುಟ್ಟು. ಯಾರಿಗೂ ಹೇಳೋ ಹಾಗಿಲ್ಲ."

"ನನ್ನ ಹೇಣ್ತಿ ಎದಿಯೊಳಗ ಹೋಗಿ ಕುಂತೈತ್ರಿ ಅದು. ಅಕಿಗರ ಹೇಳ್ರಿ."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಉಮ್ಮಚಗಿ ಕಡೆಯವರಂತೆ. "ಆನೂ ಇದ್ನೇ ತಗತ್ತಿದ್ದಿ. ಎನಗೂ ಎದೆ ಹೊಡ್ಕತ್ತು, ನಿದ್ದೆ ಬತ್ತಿಲ್ಲೆ" ಎಂದರು. ಅವರ ಹಿಂದೆ ಇನ್ನೊಬ್ಬರು ಎದ್ದರು. ಇನ್ನೊಬ್ಬರು ತಮ್ಮ ನಡುಗುವ ಕೈಯನ್ನು ಎತ್ತಿ ತೋರಿಸಿದರು. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗೆ, ತಮ್ಮ ಮೈಯದೇ ತಪ್ಪು ಎಂದುಕೊಂಡು ನಾಚಿಕೊಂಡು ಕೂತಿದ್ದರು! ವಿಷ ಮಾರಿದವನಿಗೆ ನಾಚಿಕೆಯಿಲ್ಲ, ಕುಡಿದವರಿಗೆ ನಾಚಿಕೆ. ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಜಗತ್ತಿನಲ್ಲಿ ಇನ್ನೊಂದು ಇದ್ದರೆ ನನಗೆ ಹೇಳಿ.

ಕೋಟಿನವನ ನಗು ಮಾಯವಾಯಿತು. "ನಿಮ್ಮ ಮೇಲೆ ಮಾನನಷ್ಟದ ಕೇಸು ಹಾಕ್ತೇವೆ" ಎಂದ.

"ಹಾಕ್ರಿ. ನನ್ನ ಮಾನ ಎಲ್ಲಾ ಬಸ್ಸಿನಾಗೂ ಚೂರು ಚೂರು ಕಳಕೊಂಡೇನಿ. ನಿಮ್ಮದನ್ನ ನೋಡ್ಕೋರಿ" ಎಂದರು ಕಾಕಾ, ಅದೇ ಪಿಸುದನಿಯಲ್ಲಿ.

ಜನ ನಕ್ಕರು. ಬೀಗರು ನಗಲಿಲ್ಲ. ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಹಿಡಿದಿದ್ದ ನೀರಿನ ಲೋಟ ತುಳುಕುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಶಿರಸಿಯ ಮನೆಯ ಮುಂದೆ ರಿಕ್ಷಾ ನಿಂತಿತು. ಬೀಗರು ಇಳಿದರು. ರಿಕ್ಷಾದ ತುಂಬ ಒಡೆಯದ ಹಸಿರು ಡಬ್ಬಿಗಳು. ಜಗಲಿಯ ಮೇಲೆ ಅವನ್ನೆಲ್ಲ ಇಳಿಸಿ, ಕಾಕಾನ ಎದುರು ಕೂತು, "ಬೀಗರ, ಅರ್ಜಿಯೊಳಗ ನನ್ನ ಹೆಸರು ಬರೀರಿ. ಎದುರುದಾರ ಅಂತನ ಬರೀರಿ. ನಾನು ಎದುರು ನಿಂತ ನಿಮ್ಮ ಕಡೆ ಹೇಳ್ತೇನಿ" ಎಂದರು. ಕಾಕಾ ಒಳಗೆ ಹೋಗಿ ತಾವೇ ಚಹಾ ಮಾಡಿ ತಂದರು. ಬೀಗರು ಅದನ್ನು ಕುಡಿದು, "ಸಕ್ಕರಿ ಹಾಕಿಲ್ಲರಿ" ಎಂದರು. "ನೆನಪಾಗಲಿಲ್ಲ" ಎಂದರು ಕಾಕಾ. ಇಬ್ಬರೂ ಅದನ್ನು ಹಾಗೆಯೇ ಕುಡಿದರು.

ಮುಂದಿನದು ನೀವು ಎಣಿಸಿದಷ್ಟು ಬೇಗ ಮುಗಿಯಲಿಲ್ಲ. ಔಷಧ ನಿಯಂತ್ರಣದವರಿಗೆ ಅರ್ಜಿ ಹೋಯಿತು. ಅಧಿಕಾರಿ ಬಂದು ಬೀಗರ ಒಡೆಯದ ಡಬ್ಬಿಗಳಿಂದ ಮಾದರಿ ತೆಗೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು. ಅಲ್ಲಿ ವಕೀಲರಿಲ್ಲದೆ ತಾವೇ ವಾದ ಮಾಡಬಹುದು ಎಂದು ತಿಳಿದಾಗ ಕಾಕಾನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! ಬೈಯಲು ಸರ್ಕಾರವೇ ಜಾಗ ಮಾಡಿಕೊಟ್ಟಿದೆ ಎಂದುಕೊಂಡರೋ ಏನೋ. ಘಟ್ಟ ಇಳಿಯುವುದು, ವಾಯಿದೆ ಬೀಳುವುದು, ಘಟ್ಟ ಹತ್ತುವುದು. ಕಂಪನಿಯ ವಕೀಲರು ಒಮ್ಮೆ ಬರಲಿಲ್ಲ, ಒಮ್ಮೆ ಬಂದರೆ ಕಾಗದ ತರಲಿಲ್ಲ. ದಣಿದವರಿಗೆ ಪುಡಿ ಮಾರಿದವರಿಗೆ, ದೂರು ಕೊಟ್ಟವರನ್ನು ದಣಿಸುವುದೂ ಗೊತ್ತಿತ್ತು.

ಕಡೆಗೊಂದು ದಿನ ವಾದ ನಡೆಯಿತು. "ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಸ್ಪಷ್ಟವಾಗಿ ಮುದ್ರಿಸಲಾಗಿದೆ" ಎಂದರು ವಕೀಲರು. ಕಾಕಾ ಅಪ್ಪಣೆ ಕೇಳಿ ಡಬ್ಬಿಯನ್ನು ಅವರ ಕೈಗೆ ಕೊಟ್ಟರು. "ಓದ್ರಿ ವಕೀಲ್ರ" ಎಂದರು. ವಕೀಲರು ಕನ್ನಡಕ ಹಾಕಿದರು, ತೆಗೆದರು, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ದೂರ ಹಿಡಿದರು, ಹತ್ತಿರ ಹಿಡಿದರು. ಇರುವೆಯ ಹೆಜ್ಜೆಗಿಂತ ಸಣ್ಣ ಅಕ್ಷರ, ಅದೂ ಇಂಗ್ಲಿಷು. "ಅಕಿ ಕನ್ನಡ ಶಾಲಿಗೆ ಹೋದಾಕಿರಿ. ನಿಮಗ ಓದಾಕ ಬರದ್ದು ಅಕಿಗೆ ಹೆಂಗ ಬರಬೇಕು?" ಎಂದರು ಕಾಕಾ. ಬೀಗರು ಎದುರುದಾರರ ಸಾಲಿನಲ್ಲಿ ನಿಂತು, ಕಂಪನಿಯವರು ಸಭೆಗಳಲ್ಲಿ ತಮ್ಮಿಂದ ಏನೇನು ಹೇಳಿಸಿದರು, ಎದೆ ಹೊಡೆದುಕೊಂಡರೆ ಏನು ಹೇಳಬೇಕೆಂದು ಕಲಿಸಿದರು ಎಂಬುದನ್ನೆಲ್ಲ ಹೇಳಿದರು. ಹೇಳುವಾಗ ಅತ್ತರು.

ಪ್ರಯೋಗಾಲಯದ ವರದಿಯೂ ಬಂತು. ಡಬ್ಬಿಯ ಮೇಲೆ ಬರೆದ ಸೊಪ್ಪುಗಳು ಹೆಸರಿಗಷ್ಟೇ. ಒಳಗೆ ಬರೆಯದೇ ಇದ್ದ ಒಂದು ಉತ್ತೇಜಕ ರಾಸಾಯನಿಕವಿತ್ತು. ಎದೆಯನ್ನು ಚಾವಟಿಯಿಂದ ಹೊಡೆದು ಓಡಿಸುವಂಥದ್ದು. ನಮ್ಮ ಸಹ್ಯಾದ್ರಿಯ ಯಾವ ಗಿಡವೂ ಅದನ್ನು ಹೆತ್ತಿರಲಿಲ್ಲ. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದ್ದಕ್ಕೆ ಹಸಿರು ಬಣ್ಣ ಹಚ್ಚಿ, ಎಲೆಯ ಚಿತ್ರ ಅಂಟಿಸಿ, ಕಾಡಿನ ಹೆಸರಲ್ಲಿ ಮಾರಿದ್ದರು. ಈಗಲೂ ನಮ್ಮ ಕಡೆ ನಾರು ಬೇರು ಕೊಡುವ ಹಿರಿಯರಿದ್ದಾರೆ. ಅವರು ಕೊಡುವ ಮುಂಚೆ ನಾಡಿ ಹಿಡಿಯುತ್ತಾರೆ, ಪಥ್ಯ ಹೇಳುತ್ತಾರೆ, "ನಿಂಗೆ ಇದು ಆಗದು" ಎಂದು ತಿರುಗಿ ಕಳಿಸುವುದೂ ಉಂಟು. ಕೋಟಿನವನು ಯಾರನ್ನಾದರೂ ತಿರುಗಿ ಕಳಿಸಿದ್ದನೇ?

ಆದೇಶ ಕಾಕಾನ ಕಡೆಗಾಯಿತು. ಚಿಕಿತ್ಸೆಯ ಖರ್ಚು, ಪರಿಹಾರ ಕೊಡಬೇಕು, ಆ ಪುಡಿಯನ್ನು ಮಾರುಕಟ್ಟೆಯಿಂದ ವಾಪಸು ತೆಗೆಯಬೇಕು ಎಂದಾಯಿತು. ಗೆದ್ದೆವೆಂದು ನಾನು ಪೇಢೆ ತಂದೆ. ಪೇಢೆ ಬಾಯಲ್ಲಿರುವಾಗಲೇ ಕಂಪನಿ ಮೇಲ್ಮನವಿಗೆ ಹೋಯಿತೆಂಬ ಸುದ್ದಿ ಬಂತು. ಅದಕ್ಕಿಂತ ಮಜಾ ಏನೆಂದರೆ, ಹಸಿರು ಡಬ್ಬಿ ಮಾಯವಾಗಿ ಸಂತೆಯಲ್ಲಿ ಹಳದಿ ಡಬ್ಬಿ ಕಾಣಿಸಿತು. ಬೇರೆ ಹೆಸರು, ಅದೇ ಎಲೆಯ ಚಿತ್ರ! ಕಾಕಾ ಅದನ್ನೂ ಒಂದು ಕೊಂಡುತಂದು, ಬಿಲ್ಲು ಕೇಳಿ ಪಡೆದು, ಮೊದಲಿನ ಅರ್ಜಿ ಬರೆದ ಪೆನ್ನನ್ನೇ ಮತ್ತೆ ಕೈಗೆತ್ತಿಕೊಂಡರು.

ಈಗ ಕಾಕಾನ ಜಗಲಿಗೆ ಜನ ಬರುತ್ತಾರೆ. ಮೈಕು ಕೇಳಲು ಅಲ್ಲ. ಸೊರಬದ ಕಡೆಯವರು, ಮುಂಡಗೋಡದ ಕಡೆಯವರು, ಡಬ್ಬಿಯನ್ನು ಸೆರಗಿನಲ್ಲೋ ಚೀಲದಲ್ಲೋ ಮುಚ್ಚಿಕೊಂಡು ಬರುತ್ತಾರೆ. ಕಾಕಾ ಪಿಸುದನಿಯಲ್ಲಿಯೇ ಅವರಿಗೆ ಬೈಯುತ್ತಾರೆ: "ಮೊದಲು ಕುಡಿಯೂದ ನಿಲ್ಲಸ್ರಿ, ದವಾಖಾನಿಗೆ ಹೋಗ್ರಿ. ಡಾಕ್ಟರ ಮುಂದ ಪುಡಿ ತಗೊಂಡೇನಿ ಅಂತ ಬಾಯಿ ಬಿಟ್ಟ ಹೇಳ್ರಿ, ಮುಚ್ಚಿಡಬ್ಯಾಡ್ರಿ. ಡಬ್ಬಿ ಒಗೀಬ್ಯಾಡ್ರಿ. ನಾಚಿಕೊಳ್ಳೂದು ನೀವಲ್ಲ, ಅವರು!"

ಹೋದ ರಜೆಯಲ್ಲಿ ನಾನು ಅಲ್ಲಿಯೇ ಉಳಿದಿದ್ದೆ. ಬೆಳಿಗ್ಗೆ ಎಚ್ಚರವಾದಾಗ ಒಳಗಿನಿಂದ ಏನೋ ಸದ್ದು. ಯಾರೋ ಮಗುವಿನ ಬೆನ್ನು ತಟ್ಟುವಂಥ ಸದ್ದು. ಹೋಗಿ ನೋಡಿದರೆ ಕಾಕಾ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು! ರೊಟ್ಟಿ ಉತ್ತರ ಕನ್ನಡ ಜಿಲ್ಲೆಯ ನಕಾಶೆಯ ಹಾಗಿತ್ತು. ಒಂದು ಕಡೆ ಕರಾವಳಿ, ಒಂದು ಕಡೆ ಘಟ್ಟ. ಕಾಕಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು "ಇನ್ನಷ್ಟು ಹಿಟ್ಟು ಹಚ್ಚರಿ, ಹರೀತದ" ಎಂದು ಹೇಳಿಕೊಡುತ್ತಿದ್ದರು. ಹೇಳುತ್ತಾ ಹೇಳುತ್ತಾ ಅವರ ಕೈ ತಾನಾಗಿ ಎದೆಯ ಮೇಲೆ ಹೋಯಿತು.

ಕಾಕಾನ ಕೈ ಗಾಳಿಯಲ್ಲೇ ನಿಂತಿತು.

"ಏನಿಲ್ಲ. ಬಡೀರಿ" ಎಂದರು ಕಾಕಿ.

ಕಾಕಾ ಬಡಿಯಲಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದು, ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಕಾಕಿಯ ಮಣಿಕಟ್ಟು ಹಿಡಿದರು. ಎರಡು ಬೆರಳು ನಾಡಿಯ ಮೇಲೆ. ಕಣ್ಣು ಮುಚ್ಚಿದ್ದವು. ತುಟಿ ಮಾತ್ರ ಎಣಿಸುತ್ತಿದ್ದವು. ಹೆಂಚಿನ ಮೇಲಿನ ರೊಟ್ಟಿಯಿಂದ ಹೊಗೆ ಏಳತೊಡಗಿತು.

"ರೊಟ್ಟಿ ಹೊತ್ತಾಕತ್ತೈತ್ರಿ, ತೆಗೀರಿ" ಎಂದರು ಕಾಕಿ.

"ಹೊತ್ಲಿ" ಎಂದರು ಕಾಕಾ. ಬೆರಳು ತೆಗೆಯಲಿಲ್ಲ.